ಗುಡ್ಡದ ಕಾಲುದಾರಿ: ಮೊದಲ ಮಳೆಗಾಲ ಕಳೆದ ಮೇಲೆ

ದಾರಿ ಮಳೆಗಾಲ ತಡೆದುಕೊಂಡಿದೆ. ಹೊಸನಗರ ತಾಲೂಕಿನ ನಗರ ಅನ್ನುವ ಊರಿನ ಹತ್ತಿರ ನಮ್ಮೂರು. ಹೋಂಸ್ಟೇಗೆ ಬರುವವರು ನಡೆದು ಓಡಾಡಲಿ ಎಂದು ಕಳೆದ ಬೇಸಿಗೆಯಲ್ಲಿ ಕಡಿದ ಕಾಲುದಾರಿ ಇದು. ಮನೆ ಹಿಂದಿನ ತೋಟದಿಂದ ಹೊರಟು, ಹಳ್ಳ ದಾಟಿ, ಗುಡ್ಡದ ನೆತ್ತಿ ಹತ್ತಿ, ಆ ಕಡೆಯ ಗದ್ದೆ ಬಯಲಿಗೆ ಇಳಿಯುತ್ತದೆ. ಅರಣ್ಯ ಇಲಾಖೆಯ ಜಾಗಕ್ಕೆ ಎಲ್ಲೂ ಕಾಲಿಟ್ಟಿಲ್ಲ. ಪೂರ್ತಿ ನಮ್ಮ ಖಾತೆ ಜಮೀನು, ಊರವರು ಮೊದಲಿಂದಲೂ ನಡೆಯುತ್ತಿದ್ದ ದಾರಿ.

ಬರುವವರಲ್ಲಿ ಹೆಚ್ಚಿನವರು ಜೀಪಿನಲ್ಲಿ ಕೊಡಚಾದ್ರಿ ಹತ್ತಿಳಿದು, ಮಧ್ಯಾಹ್ನದ ಊಟ ಮುಗಿಸಿ, ‘ಇಲ್ಲಿ ಇನ್ನೇನಿದೆ?’ ಅಂತ ಕೇಳುತ್ತಾರೆ. 1,343 ಮೀಟರ್ ಎತ್ತರದ ಬೆಟ್ಟ ನೋಡಿ ಬಂದರೂ ಮೈ ದಣಿದಿರುವುದಿಲ್ಲ. ಮಲೆನಾಡು ಕಾಲಿಗೆ ಸಿಗಬೇಕು, ಉಸಿರಿಗೆ ಸಿಗಬೇಕು ಅನ್ನುವುದು ನನ್ನ ಆಸೆ.

ಕೆಲಸದ ಮುಕ್ಕಾಲು ಭಾಗ ನೀರಿನದ್ದೇ. ಗುಡ್ಡಕ್ಕೆ ನೆಟ್ಟಗೆ ಹತ್ತುವ ಹಳೆ ದಾರಿಯನ್ನೇ ಅಗಲ ಮಾಡೋಣ ಅಂತ ಅಳಿಯ ಹೇಳಿದ್ದ. ದೊಡ್ಡಪ್ಪ ಒಪ್ಪಲಿಲ್ಲ. ‘ಮಾರಾಯ, ನೀ ನೆಟ್ಟಗೆ ಕಡಿದ್ರೆ ಜೂನಲ್ಲಿ ಅದು ದಾರಿ ಆಗಿರಲ್ಲ, ಅಗಳ ಆಗಿರ್ತದೆ’ ಅಂದರು. ಹಾಗಾಗಿ ಗುಡ್ಡವನ್ನು ಬಳಸಿಕೊಂಡು, ಹತ್ತು ಅಡಿ ನಡೆದರೆ ಒಂದು ಅಡಿ ಏರುವ ಅಂದಾಜಿನಲ್ಲಿ ಗುರುತು ಹಾಕಿದೆವು. ದಾರಿಯ ಮೈಯನ್ನು ಇಳಿಜಾರಿನ ಕಡೆಗೆ ಸ್ವಲ್ಪ ವಾಲಿಸಿದ್ದರಿಂದ ಬಿದ್ದ ನೀರು ಅಲ್ಲಲ್ಲೇ ಹೊರಗೆ ಹರಿದುಹೋಗುತ್ತದೆ, ದಾರಿಗುಂಟ ಓಡುವುದಿಲ್ಲ. ಏರು ಹೆಚ್ಚಿರುವ ಕಡೆ ಓರೆಯಾಗಿ ಜಂಬಿಟ್ಟಿಗೆ ಕಲ್ಲಿನ ಸಾಲು ಹುಗಿದು, ನೀರನ್ನು ಪಕ್ಕದ ಪೊದೆಗೆ ತಿರುಗಿಸಿದ್ದೇವೆ. ಜುಲೈ ತಿಂಗಳ ಹೊಡೆತಕ್ಕೆ ಕೆಲವು ಸಾಲಿನ ಹಿಂದೆ ಮಣ್ಣು, ತರಗೆಲೆ ತುಂಬಿ ನೀರು ಮೇಲೆ ಹತ್ತಿತ್ತು. ಕಂಬಳಿಕೊಪ್ಪೆ ಹಾಕಿಕೊಂಡು ಗುದ್ದಲಿ ಹಿಡಿದು ಬಿಡಿಸಿದ್ದಾಯಿತು. ಇದು ಪ್ರತಿ ಮಳೆಗಾಲದ ಕೆಲಸ.

ಹಳ್ಳದ ಸಂಕ, ಅಂದರೆ ಕಾಲುಸೇತುವೆ, ನೋಡಿದಾಗಲೆಲ್ಲ ಖುಷಿಯಾಗುತ್ತದೆ. ಹಿಡಿಮುಂಡಿಗೆ ರೋಗಕ್ಕೆ ಸತ್ತ ಅಡಿಕೆ ಮರಗಳನ್ನು ಕಡಿಸಿ, ಉದ್ದಕ್ಕೆ ನಾಲ್ಕು ಹಾಸಿ, ಮೇಲೆ ಅಡ್ಡಡ್ಡ ದಬ್ಬೆ ಕಟ್ಟಿದ್ದೇವೆ. ಅಡ್ಡ ದಬ್ಬೆ ಇಲ್ಲದಿದ್ದರೆ ಹಾವಸೆ ಹಿಡಿದ ಮರದ ಮೇಲೆ ಬೆಂಗಳೂರಿನ ಶೂ ನಿಲ್ಲುವುದೇ ಇಲ್ಲ. ಊರವರು ಕೈಪಿಡಿ ಇಲ್ಲದೆ ಹುಲ್ಲುಹೊರೆ ಹೊತ್ತು ದಾಟುತ್ತಾರೆ, ಅತಿಥಿಗಳಿಗೆ ಎರಡೂ ಬದಿ ಬಿದಿರಿನ ಕೈಪಿಡಿ ಬೇಕು. ಅಡಿಕೆ ಮರದ ಹೊರಸುತ್ತು ಗಟ್ಟಿ, ಒಳಗಿನ ತಿರುಳು ಮೆತ್ತಗೆ. ತಿರುಳು ಕೊಳೆತು ಪೊಳ್ಳಾದದ್ದು ಮೇಲಿಂದ ಕಾಣುವುದಿಲ್ಲ. ಆದ್ದರಿಂದ ಪ್ರತಿ ಮೇ ತಿಂಗಳಲ್ಲಿ ಕತ್ತಿಯ ಹಿಂಬದಿಯಲ್ಲಿ ತಟ್ಟಿ ಸದ್ದು ಕೇಳಿ, ಅನುಮಾನ ಬಂದ ಮರವನ್ನು ಬದಲಿಸುವುದು ಅಂತ ತೀರ್ಮಾನ.

ಉಂಬಳದ (ಜಿಗಣೆಯ) ಬಗ್ಗೆ ಎಲ್ಲರೂ ಕೇಳುತ್ತಾರೆ. ಹೊಗೆಸೊಪ್ಪಿನ ಪುಡಿಗೆ ಸುಣ್ಣ ಸೇರಿಸಿ ಕಾಲುಚೀಲಕ್ಕೆ ಉಜ್ಜಿ ಕಳಿಸುತ್ತೇವೆ. ಮಕ್ಕಳಿಗೇ ಭಯ ಕಡಿಮೆ.

ಜುಲೈನಲ್ಲಿ ನಾಟಿಗೆ ಮುಂಚೆ ಒಂದು ಗದ್ದೆಯನ್ನು ಕೆಸರಾಟಕ್ಕೆ ಬಿಟ್ಟುಕೊಟ್ಟೆವು. ಹಗ್ಗ ಜಗ್ಗಾಟ, ಓಟ, ಅಡಿಕೆ ಹಾಳೆ ಮೇಲೆ ಕೂರಿಸಿ ಎಳೆಯುವ ಆಟ ಎಲ್ಲ ಇತ್ತು. ಟಿಲ್ಲರ್ ಹೊಡೆದ ಮೇಲೆ ಸಾಲಾಗಿ ನಿಂತು ಕೈಯಾಡಿಸಿ ಕಲ್ಲು, ಕೂಳೆ, ಗಾಜಿನ ಚೂರು ಹೆಕ್ಕಿದ್ದು ಬೇಸರದ ಕೆಲಸವೇ, ಆದರೆ ಅದನ್ನು ಬಿಡುವಂತಿಲ್ಲ. ಕಾಲಲ್ಲಿ ಗಾಯ ಇದ್ದವರನ್ನು ಎಷ್ಟು ಬೇಡಿಕೊಂಡರೂ ಇಳಿಸಲಿಲ್ಲ. ಇಲಿಜ್ವರದ ರೋಗಾಣು ಇಲಿಯ ಮೂತ್ರದಿಂದ ನೀರಿಗೆ ಬಂದು, ಗಾಯದ ಮೂಲಕ ಮೈಗೆ ಸೇರುತ್ತದೆ. ಆಟ ಮುಗಿದ ಕೂಡಲೇ ಬಚ್ಚಲಿನ ಹಂಡೆಯ ಬಿಸಿನೀರು, ಸೋಪು.

ಸೈಕಲ್ ಈ ತಿಂಗಳು ಶುರುವಾಗಿದೆ. ಸೆಕೆಂಡ್ ಹ್ಯಾಂಡ್ ಗೇರ್ ಸೈಕಲ್‌ಗಳು, ಎಲ್ಲಕ್ಕೂ ಡಿಸ್ಕ್ ಬ್ರೇಕ್. ರಿಮ್ ಹಿಡಿಯುವ ಬ್ರೇಕು ಒದ್ದೆಯಾದರೆ ನಮ್ಮ ಇಳಿಜಾರಿನಲ್ಲಿ ನಂಬುವಂತಿಲ್ಲ. ದಾರಿ ಬಿದನೂರು ಕೋಟೆಯ ಕಡೆಗೆ. ಕೆಳದಿ ಅರಸರ ರಾಜಧಾನಿಯಾಗಿದ್ದು, 1763ರಲ್ಲಿ ಹೈದರಾಲಿಯ ಕೈಸೇರಿದ ಕೋಟೆ. ಅಲ್ಲಿಂದ ದೇವಗಂಗೆಗೆ ಹೋದರೆ ಬೇರೆ ಬೇರೆ ಆಕಾರದ ಕಲ್ಲುಕಟ್ಟಿನ ಕೊಳಗಳು, ಒಂದರಿಂದ ಒಂದಕ್ಕೆ ಹರಿಯುವ ತಣ್ಣನೆ ನೀರು. ಏರು ಹತ್ತಿ ಬೆವರಿ ಬಂದವರಿಗೆ ಆ ಜಾಗದ ಬೆಲೆ ಬೇರೆಯೇ. ಕಾರಿನಲ್ಲಿ ಬಂದು ಹತ್ತು ನಿಮಿಷಕ್ಕೆ ಹೊರಡುವವರನ್ನು ನೋಡಿದಾಗ ಪಾಪ ಅನ್ನಿಸುತ್ತದೆ.

ಈಗ ಮುಂದಿನ ತಿಂಗಳುಗಳ ವಿಚಾರ. ಮಂಗನ ಕಾಯಿಲೆ. 1957ರಲ್ಲಿ ನಮ್ಮದೇ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ್ದು, ಉಣುಗು (ಉಣ್ಣೆ ಹುಳ) ಕಚ್ಚಿ ಹರಡುವಂಥದ್ದು. ಡಿಸೆಂಬರಿನಿಂದ ಮೇ ತನಕ, ಅಂದರೆ ಪ್ರವಾಸಿಗರು ಜಾಸ್ತಿ ಬರುವ ಹೊತ್ತಿಗೇ ಅದರ ಕಾಟ. ಮನೆಯಲ್ಲಿ ಇದರ ಬಗ್ಗೆ ತುಂಬ ಚರ್ಚೆಯಾಯಿತು. ಕೊನೆಗೆ, ಜನವರಿಯಿಂದ ಗುಡ್ಡದ ಮರಗಾಡಿನ ಭಾಗವನ್ನು ಮುಚ್ಚುವುದು, ಸುತ್ತಮುತ್ತ ಎಲ್ಲೇ ಮಂಗ ಸತ್ತ ಸುದ್ದಿ ಬಂದರೂ ಆ ದಿನದಿಂದಲೇ ಪೂರ್ತಿ ದಾರಿ ಬಂದ್ ಮಾಡಿ ಆಸ್ಪತ್ರೆಯವರಿಗೆ ತಿಳಿಸುವುದು ಅಂತ ನಿಂತಿತು. ಡಿಸೆಂಬರಿನಲ್ಲಿ ಹತ್ತುವವರಿಗೂ ಮೈತುಂಬ ಬಟ್ಟೆ, ಉಣುಗು ಹತ್ತದಂತೆ ಹಚ್ಚುವ ಎಣ್ಣೆ ಕಡ್ಡಾಯ. ತರಗೆಲೆ ಮೇಲೆ ಕೂರುವಂತಿಲ್ಲ. ಆದಾಯ ಕಡಿಮೆಯಾದೀತು ಅಂತ ಅಣ್ಣನಿಗೆ ಚಿಂತೆ ಇದೆ, ನನಗೂ ಇದೆ. ಆದರೂ ಇದರಲ್ಲಿ ರಾಜಿ ಮಾಡಿಕೊಳ್ಳಲು ಮನಸ್ಸಿಲ್ಲ.

ದಾರಿ ಮುಚ್ಚಿದಾಗ ಬಂದವರಿಗೆ ಸೈಕಲ್ ಇದೆ, ವಾಲಿಬಾಲ್ ಇರುತ್ತದೆ. ಕೊಯ್ಲು ಮುಗಿದ ಗದ್ದೆಯಲ್ಲಿ 18 ಮೀಟರ್ ಉದ್ದ, 9 ಮೀಟರ್ ಅಗಲದ ಅಂಕಣಕ್ಕೆ ಜಾಗ ನೋಡಿಟ್ಟಿದ್ದೇವೆ. ಕೂಳೆ ಕೆತ್ತಿ, ನೀರು ಹೊಡೆದು, ದಿಮ್ಮಸು ಹಾಕಬೇಕು. ನೆಟ್ ಕಟ್ಟಲು ಅಡಿಕೆ ಕಂಬ ಕೊಟ್ಟಿಗೆಯ ಪಕ್ಕ ಒಣಗುತ್ತಿವೆ. ಸಂಜೆ ಆಡಲು ಊರಿನ ಹುಡುಗರು ಈಗಲೇ ಟೀಮು ಹಂಚಿಕೊಂಡಿದ್ದಾರೆ. ಬಂದ ಅತಿಥಿಗಳನ್ನು ಎರಡೂ ಕಡೆಗೆ ಸಮ ಸೇರಿಸಿಕೊಳ್ಳಬೇಕು ಅನ್ನುವುದೊಂದೇ ನನ್ನ ಷರತ್ತು.