ಕತ್ತಲ ರಾತ್ರಿ, ಒಂದು ಪೊಟ್ಟಣ ಚೊಂಗೆ

ಗೋಳಗುಮ್ಮಟಕ್ಕೆ ಹೋದವರು ಕೂಗದೇ ಬರುತ್ತಾರಾ? ನಾನೂ ಕೂಗಿದೆ. ಅಷ್ಟೊಂದು ಜನರ ಗದ್ದಲದಲ್ಲಿ ನನ್ನ ದನಿ ಯಾವುದು ಅಂತಲೇ ಗೊತ್ತಾಗಲಿಲ್ಲ. ಸುಮ್ನೆ ಇಳಿದು ಬಂದೆ. ಈ ಸಲ ನಾನು ವಿಜಯಪುರಕ್ಕೆ ಹೋಗಿದ್ದು ಬೇರೆ ಕಾರಣಕ್ಕೆ. ಗೆಳೆಯನ ಹೆಂಡತಿಯ ತವರು ಇಲ್ಲೇ ಹತ್ತಿರದ ಹಳ್ಳಿ. "ನಮ್ಮೂರ ಮೊಹರಂಗೆ ಬರ್ರಿ" ಅಂತ ಗೆಳೆಯನ ಮಾವ ಫೋನ್ ಮಾಡಿದ್ದರು. ಲಿಂಗಾಯತರ ಮನೆ. ಮೈಸೂರು ಕಡೆಯವನಾದ ನನಗೆ ಆ ಕರೆಯೇ ಒಂದು ಸೋಜಿಗ.

ಸಂಜೆಗೆ ಇನ್ನೂ ಹೊತ್ತಿತ್ತು. ಇಬ್ರಾಹಿಂ ರೋಜಾಕ್ಕೆ ಹೋದೆವು. ಒಂದೇ ಕಟ್ಟೆಯ ಮೇಲೆ ಎದುರುಬದುರು ಗೋರಿ ಮತ್ತು ಮಸೀದಿ, ನಡುವೆ ನೀರಿನ ಕೊಳ. ಕಿಟಕಿಯ ಕಲ್ಲಿನ ಜಾಲರಿಯನ್ನು ಹತ್ತಿರದಿಂದ ನೋಡಿದರೆ ಅದು ಬರೀ ಹೂಬಳ್ಳಿಯಲ್ಲ, ಅರಬ್ಬಿ ಅಕ್ಷರ. ಒಳಗೆ ಮಲಗಿರುವವನು ಎರಡನೇ ಇಬ್ರಾಹಿಂ ಆದಿಲ್ ಶಾಹ, 1580ರಿಂದ 1627ರವರೆಗೆ ಆಳಿದವನು. ಜನ ಅವನನ್ನು 'ಜಗದ್ಗುರು ಬಾದಶಹಾ' ಅಂತ ಕರೆದರು. ದಖ್ಖನಿಯಲ್ಲಿ ತಾನೇ ಬರೆದ ಹಾಡುಗಳಲ್ಲಿ ಸರಸ್ವತಿಯನ್ನು ನೆನೆದ, ಗಣಪತಿಯನ್ನೂ ನೆನೆದ, ಕಲಬುರಗಿಯ ಸೂಫಿ ಸಂತ ಬಂದೇನವಾಜರನ್ನೂ ನೆನೆದ. ತನ್ನ ತಂಬೂರಿಗೆ ಮೋತಿಖಾನ್ ಅಂತ ಹೆಸರಿಟ್ಟಿದ್ದನಂತೆ. ರಾಜರ ಬಗ್ಗೆ ನನಗೆ ಜಾಸ್ತಿ ಮೋಹ ಇಲ್ಲ. ಆದರೆ ತಂಬೂರಿಗೆ ಹೆಸರಿಟ್ಟವನು ಅಂದರೆ ಸ್ವಲ್ಪ ಮೆತ್ತಗಾಗುತ್ತೇನೆ.

ಅಲ್ಲಿಂದ ಪಶ್ಚಿಮಕ್ಕೆ ತೊರವಿ. ಕುಮಾರ ವಾಲ್ಮೀಕಿ ತನ್ನ ರಾಮಾಯಣವನ್ನು ಇದೇ ಊರಿನ ನರಸಿಂಹನ ಹೆಸರಲ್ಲಿ ಹಾಡಿದ. ಇಬ್ರಾಹಿಂ ತನ್ನ ಹೊಸ ಊರು ನವರಸಪುರವನ್ನು ಕಟ್ಟಿಸಹೊರಟಿದ್ದೂ ಇಲ್ಲೇ. ಆ ಊರು ಬಾಳಲಿಲ್ಲ, 1624ರಲ್ಲಿ ಅಹಮದನಗರದ ಸೇನಾನಿ ಮಲಿಕ್ ಅಂಬರನ ದಂಡು ಬಂದು ಹಾಳು ಮಾಡಿತು. ಸಂಗೀತ ಮಹಲಿನ ದೊಡ್ಡ ಕಮಾನು ಮಾತ್ರ ಈಗಲೂ ನಿಂತಿದೆ.

ಹಳ್ಳಿ ಸೇರಿದಾಗ ಕತ್ತಲಾಗಿತ್ತು. "ಇವತ್ತ ಕತ್ತಲ ರಾತ್ರಿ ರೀ" ಅಂದರು ಮಾವ. ಅಮಾವಾಸ್ಯೆಯೂ ಅಲ್ಲ, ತಲೆ ಮೇಲೆ ಒಂಬತ್ತನೇ ದಿನದ ಚಂದ್ರ ಇದ್ದಾನೆ, ಎಲ್ಲಿಯ ಕತ್ತಲು? ಆಮೇಲೆ ತಿಳಿಯಿತು. ಅದು 'ಖತಲ್', ಅಂದರೆ ಕೊಲೆ. ಕ್ರಿ.ಶ. 680ರಲ್ಲಿ ಕರ್ಬಲಾದಲ್ಲಿ ಪ್ರವಾದಿಯ ಮೊಮ್ಮಗ ಹುಸೇನರನ್ನು ಕೊಂದ ನೆನಪಿನ ರಾತ್ರಿ. ಕನ್ನಡದ ಬಾಯಿಗೆ ಬಿದ್ದು ಕತ್ತಲಾಗಿದೆ.

ಮಸೂತಿಯ ಮುಂದೆ ಅಲಾಯಿ ಕುಣಿಯಲ್ಲಿ, ಅಂದರೆ ಮೊಹರಂಗೆಂದು ತೋಡಿದ ಗುಂಡಿಯಲ್ಲಿ, ಬೆಂಕಿ. ಸುತ್ತಲೂ ಹುಡುಗರು ಹೆಜ್ಜೆ ಹಾಕುತ್ತಿದ್ದಾರೆ, ರಿವಾಯತ್ ಪದ ಹಾಡುತ್ತಿದ್ದಾರೆ. ಕರ್ಬಲಾದ ಕಥೆ, ಆದರೆ ಮಾತೆಲ್ಲ ಇಲ್ಲಿಯ ಕನ್ನಡ. ನಾನು ಚೆನ್ನಾಗಿ ಕೇಳಿಸಲಿ ಅಂತ ಹತ್ತಿರ ಹೋಗಿ ನಿಂತೆ, ಕಿಡಿ ಸಿಡಿದು ಅಂಗಿಗೆ ತೂತು ಬಿತ್ತು. ಹೊಸ ಅಂಗಿ.

ಒಳಗೆ ಪಂಜಾಗಳಿಗೆ ಹೂವು, ಬಣ್ಣದ ಬಟ್ಟೆ. ಪಂಜಾ ಅಂದರೆ ಲೋಹದ ಹಸ್ತ, ಊರವರ ಬಾಯಲ್ಲಿ 'ದೇವರು'. ಹೆಂಗಸರು ತಟ್ಟೆ ಹಿಡಿದು ಸಾಲಾಗಿ ನಿಂತಿದ್ದರು. "ಸಕ್ಕರಿ ಓದಿಸ್ಕೊಂಡ ಬರೂಣು ನಡೀರಿ" ಅಂತ ಮನೆಯ ಅತ್ತೆ ನನ್ನನ್ನೂ ಎಳೆದುಕೊಂಡು ಹೋದರು. ಹಣೆಯಲ್ಲಿ ವಿಭೂತಿ, ಕೈಯಲ್ಲಿ ಸಕ್ಕರೆ. ಮುಲ್ಲಾ ಅಜ್ಜ ಫಾತಿಹಾ ಪ್ರಾರ್ಥನೆ ಓದಿ, ಒಂದು ಚಿಟಿಕೆ ತೆಗೆದಿಟ್ಟು ತಟ್ಟೆ ವಾಪಸ್ ಕೊಟ್ಟರು. ಅತ್ತೆಯ ಮೊಮ್ಮಗನ ಕೈಗೆ ಕೆಂಪು ಲಾಡಿ ದಾರ ಕಟ್ಟಿಸಿಕೊಂಡೂ ಆಯಿತು.

ದೇವರು ಹಿಡಿಯುವವರು ಗೋಡೆಗೆ ಒರಗಿ ಕೂತಿದ್ದರು. ಐವತ್ತರ ಆಸುಪಾಸು, ತಲೆಗೆ ರುಮಾಲು. ನಾನು ಜಾಣನಂತೆ ಕೇಳಿದೆ: "ನಿಮ್ಮ ಕಡೆ ಇದನ್ನು ಮುಸ್ಲಿಮರೇ ಹಿಡಿಯಬೇಕಾ?"

"ನಾವು ಕುರುಬರು ರೀ" ಅಂದರು. "ನಮ್ಮಜ್ಜಾ ಹಿಡೀತಿದ್ದ, ನಮ್ಮಪ್ಪ ಹಿಡಿದ, ಈಗ ನಾ."

ಮುಲ್ಲಾ ಅಜ್ಜ ಅಲ್ಲಿಂದಲೇ ನಕ್ಕರು. "ನನ್ನ ಕೈಲೆ ಎಲ್ಲಿ ಎತ್ತಾಕ ಆಕ್ಕೈತಿ, ಮಣಕಾಲ ನೋವು!"

ನನಗೆ ಮುಖ ಎಲ್ಲಿಟ್ಟುಕೊಳ್ಳಬೇಕು ಅಂತ ತಿಳಿಯಲಿಲ್ಲ. ಅವರಿಗೇನೂ ಅನಿಸಿದಂತೆ ಕಾಣಲಿಲ್ಲ. ಕುಣಿಗೆ ಕಟ್ಟಿಗೆ ಸಾಲುತ್ತಾ ಇಲ್ಲವಾ ಅನ್ನುವ ಮಾತಿಗೆ ಹೊರಳಿದರು.

ಮರುದಿನ ಸಂಜೆ ದೇವರು ಹೊಳೆಗೆ ಹೋಗುವುದೇ ದೊಡ್ಡ ಮೆರವಣಿಗೆಯಂತೆ. ನನಗೆ ರೈಲು ತಪ್ಪಿಸುವ ಹಾಗಿರಲಿಲ್ಲ, ಬೆಳಿಗ್ಗೆಯೇ ಹೊರಟೆ. ಅತ್ತೆ ಚೊಂಗೆ ಕಟ್ಟಿಕೊಟ್ಟರು. ಗೋಧಿಯ ರೊಟ್ಟಿ, ಮೇಲೆ ಬೆಲ್ಲ, ಗಸಗಸೆ.

ವಿಜಯಪುರದ ಬಸ್ ನಿಲ್ದಾಣದಿಂದ ರೈಲು ನಿಲ್ದಾಣಕ್ಕೆ ಆಟೋ ಹಿಡಿದೆ. ಓಡಿಸುವವನು ಮುಸ್ಲಿಂ ಹುಡುಗ. ರಾತ್ರಿಯ ಕಥೆ ಹೇಳಿದೆ. ಖುಷಿಪಡುತ್ತಾನೆ ಅಂದುಕೊಂಡಿದ್ದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ.

"ನಮ್ಮ ಮನ್ಯಾಗ ಪಂಜಾ, ಕುಣಿತ ಇಲ್ರಿ. ದುಃಖದ ದಿನ ಅಲ್ರೀ ಅದು. ನಾವು ರೋಜಾ, ಅಂದ್ರ ಉಪವಾಸ, ಹಿಡೀತೀವಿ, ನಿನ್ನೆ ಒಂದು, ಇವತ್ತ ಒಂದು."

ಇದೂ ನನಗೆ ಹೊಸದೇ. ಹಳ್ಳಿಯ ಮೊಹರಂ ಎಲ್ಲ ಮುಸ್ಲಿಮರಿಗೂ ಒಪ್ಪಿಗೆ ಅಂತ ನಾನೇ ತೀರ್ಮಾನ ಮಾಡಿಬಿಟ್ಟಿದ್ದೆ. ಮತ್ತೆ ಮಾತಾಡಲಿಲ್ಲ. ನಿಲ್ದಾಣ ಬಂತು. ದುಡ್ಡು ಕೊಡುವಾಗ ಅವನೇ ಚೀಲದ ಕಡೆ ನೋಡಿ ಕೇಳಿದ:

"ಚೊಂಗೆ ಕೊಟ್ರೇನ್ರಿ?"

ಎರಡು ತೆಗೆದುಕೊಟ್ಟೆ. ಕಾಗದದಲ್ಲಿ ಸುತ್ತಿ ಸೀಟಿನ ಕೆಳಗಿನ ಡಬ್ಬಿಯಲ್ಲಿ ಇಟ್ಟುಕೊಂಡ. "ಸಂಜೀಕ ರೋಜಾ ಬಿಟ್ಟ ಮ್ಯಾಲ ತಿಂತೀನ್ರಿ" ಅಂದು ಗಾಡಿ ತಿರುಗಿಸಿದ.