ಅರ್ಜಿ ಆಮೇಲೆ, ಮೊದಲು ಕಾಣಿಕೆ ಪುಸ್ತಕ

ರಾಯಚೂರು ಜಿಲ್ಲೆಯ ಹಳ್ಳಿ ಸಭೆಗಳಿಗೆ (ಊರೂರಿನ ಕ್ರೈಸ್ತ ಸಮುದಾಯಗಳಿಗೆ) ಧನಸಹಾಯ, ಸಾಲ ಕೊಡುವ ಒಂದು ಚರ್ಚ್ ಕಚೇರಿಯಲ್ಲಿ ನಾನು ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಗುಡಿಯ (ಚರ್ಚಿನ) ಚಾವಣಿ ಸೋರುತ್ತಿದೆ, ಕಾಂಪೌಂಡ್ ಬೇಕು, ಸಭಾಪಾಲಕರ (ಪಾದ್ರಿಯ) ಮನೆ ಬೀಳುವ ಹಾಗಿದೆ, ಹುಡುಗಿಗೆ ನರ್ಸಿಂಗ್ ಸೀಟು ಸಿಕ್ಕಿದೆ ಆದರೆ ಫೀಸಿಗೆ ದುಡ್ಡಿಲ್ಲ. ಇಂಥ ಅರ್ಜಿಗಳೆಲ್ಲ ಮೊದಲು ನನ್ನ ಮೇಜಿಗೇ ಬರುತ್ತವೆ. ಹೊಸದಾಗಿ ಖಜಾಂಚಿ ಆದವರಿಗೆ ಉಪಯೋಗ ಆಗಲಿ ಅಂತ ಇಲ್ಲಿ ಕಲಿತದ್ದನ್ನು ಬರೆಯುತ್ತಿದ್ದೇನೆ.

ಅರ್ಜಿ ಯಾವಾಗಲೂ ಚೆನ್ನಾಗಿಯೇ ಇರುತ್ತದೆ. ಊರಿನ ಮೇಷ್ಟ್ರೊಬ್ಬರು ಕೂತು ಅಚ್ಚುಕಟ್ಟಾಗಿ ಬರೆದುಕೊಟ್ಟಿರುತ್ತಾರೆ. ಕೆಳಗೆ ಹಿರಿಯರ ಸಹಿ, ಹೆಬ್ಬೆಟ್ಟು. "ಪ್ರತಿ ತಿಂಗಳೂ ತಪ್ಪದೆ ಕಂತು ಕಟ್ಟುತ್ತೇವೆ" ಅನ್ನುವ ಸಾಲೂ ಇದ್ದೇ ಇರುತ್ತದೆ. ಅದನ್ನು ಬರೆಯುವಾಗ ಅವರ ಮನಸ್ಸಿನಲ್ಲಿ ಮೋಸ ಇರುವುದಿಲ್ಲ. ಆದರೆ ತಿಂಗಳ ಕಂತು ಅವರಿಂದ ಆಗುತ್ತದೋ ಇಲ್ಲವೋ ಅನ್ನುವುದು ಅರ್ಜಿಯಲ್ಲಿ ಸಿಗುವುದಿಲ್ಲ. ಅದಕ್ಕೆ ಸಭೆಗೆ ಬಂದ ಕಾಣಿಕೆಯನ್ನೆಲ್ಲ ಬರೆದಿಡುವ ಕಾಣಿಕೆ ಪುಸ್ತಕ ನೋಡಬೇಕು. ಹಿಂದಿನ ಎರಡು ವರ್ಷದ ಪುಸ್ತಕ ಬರದಿದ್ದರೆ ನಾನು ಅರ್ಜಿಯನ್ನು ಕಮಿಟಿ ಮುಂದೆ ಇಡುವುದೇ ಇಲ್ಲ.

ದೇವದುರ್ಗ, ಲಿಂಗಸುಗೂರು ಕಡೆಯ ಒಣಬೇಸಾಯದ ಊರುಗಳ ಪುಸ್ತಕ ತೆಗೆದು ನೋಡಿ. ಕ್ರಿಸ್‌ಮಸ್ ತನಕ ಭಾನುವಾರದ ಕಾಣಿಕೆ ಒಂದು ಮಟ್ಟದಲ್ಲಿ ಇರುತ್ತದೆ. ಹೊಸ ವರ್ಷ ಕಳೆಯಿತೋ, ಒಮ್ಮೆಲೇ ಇಳಿಯುತ್ತದೆ. ಅರ್ಧ ಸಭೆ ಬೆಂಗಳೂರಿಗೋ ಪುಣೆಗೋ ಗುಳೆ ಹೋಗಿರುತ್ತದೆ. ಹಿಂದೆ ಉಳಿದ ಮುದುಕರು, ಮಕ್ಕಳು ಪೆಟ್ಟಿಗೆಗೆ ಎಷ್ಟು ಹಾಕಿಯಾರು? ಸಿಂಧನೂರು ಕಡೆ ಹಾಗಲ್ಲ. ಅಲ್ಲಿ ತುಂಗಭದ್ರಾ ಎಡದಂಡೆ ಕಾಲುವೆ ಇದೆ. ಭತ್ತ ಮಾರಿದ ವಾರ ಕೃತಜ್ಞತಾ ಕಾಣಿಕೆಯ ಕಾಲಂ ತುಂಬುತ್ತದೆ. ಅದೇ ಕಾಲುವೆಯ ಕೊನೆ ಭಾಗದ ಊರುಗಳಿಗೆ ನೀರು ಸರಿಯಾಗಿ ಮುಟ್ಟುವುದಿಲ್ಲ, ಅವುಗಳ ಪುಸ್ತಕ ಮತ್ತೆ ಒಣಬೇಸಾಯದ ಊರಿನ ಹಾಗೇ ಕಾಣುತ್ತದೆ.

ಇದನ್ನು ನೋಡಿದ ಮೇಲೂ ಎಲ್ಲರಿಗೂ ಒಂದೇ ತಿಂಗಳ ಕಂತು ಹಾಕುವುದು ತಪ್ಪು ಅಂತ ನನಗನ್ನಿಸಿತು. ಕಮಿಟಿಯಲ್ಲಿ ಇದಕ್ಕಾಗಿ ಸಾಕಷ್ಟು ವಾದ ಮಾಡಬೇಕಾಯಿತು. ಬ್ಯಾಂಕಿನಲ್ಲಿ ಕೆಲಸ ಮಾಡಿದ ಹಿರಿಯರೊಬ್ಬರು "ಕಂತು ಅಂದರೆ ತಿಂಗಳ ಕಂತೇ" ಅಂತ ಪಟ್ಟು ಹಿಡಿದಿದ್ದರು. ಬೆಳೆಸಾಲಕ್ಕೆ ಬ್ಯಾಂಕಿನವರೂ ಸುಗ್ಗಿ ಆದಮೇಲೆ ತಾನೇ ವಾಪಸ್ ಕೇಳುವುದು ಅಂದಾಗ ಒಪ್ಪಿದರು. ಈಗ ಕಂತು ಸುಗ್ಗಿ ಆದಮೇಲೆ. ಹತ್ತಿ, ತೊಗರಿ ಬೆಳೆಯುವ ಊರಿಗೆ ಒಂದು ಲೆಕ್ಕ, ಎರಡು ಬೆಳೆ ತೆಗೆಯುವ ಭತ್ತದ ಊರಿಗೆ ಇನ್ನೊಂದು. ಎರಡನೇ ಬೆಳೆಗೆ ಕಾಲುವೆ ನೀರು ಬಿಡದ ವರ್ಷ ಭತ್ತದ ಊರಿನ ಎರಡನೇ ಕಂತು ತಾನಾಗಿ ಮುಂದಕ್ಕೆ ಹೋಗುತ್ತದೆ. ಅದಕ್ಕೆ ಯಾರೂ ಬಂದು ಕೈಮುಗಿಯಬೇಕಾಗಿಲ್ಲ. ತಿಂಗಳ ಕಂತು ತಪ್ಪಿಸುತ್ತಿದ್ದ ಸಭೆಗಳೇ ಸುಗ್ಗಿ ಕಂತನ್ನು ತಾವಾಗಿ ತಂದು ಕಟ್ಟಿದ್ದನ್ನು ನಾನು ನೋಡಿದ್ದೇನೆ.

ಪುಸ್ತಕದಲ್ಲಿ ನಾನು ತಪ್ಪದೆ ನೋಡುವ ಇನ್ನೊಂದು ಪುಟ ಕೊಯ್ಲಿನ ಹಬ್ಬದ ಹರಾಜಿನದು. ಆ ದಿನ ಜೋಳದ ಚೀಲ, ಕುಂಬಳಕಾಯಿ, ನಾಟಿ ಕೋಳಿ ಎಲ್ಲ ಆಲ್ಟರ್ ಮುಂದೆ ಬರುತ್ತವೆ. ಆರಾಧನೆ ಮುಗಿದ ಮೇಲೆ ಹರಾಜು. ಹುಮ್ಮಸ್ಸಿನಲ್ಲಿ ಒಂದು ತೆಂಗಿನಕಾಯಿಯನ್ನೂ ನೂರಾರು ರೂಪಾಯಿಗೆ ಕೂಗಿ, "ಬರಕೊಳ್ರಿ, ಆಮ್ಯಾಲ ಕೊಡ್ತೀನಿ" ಅನ್ನುತ್ತಾರೆ. ಖಜಾಂಚಿ ಹೆಸರಿನ ಮುಂದೆ 'ಬಾಕಿ' ಅಂತ ಬರೆಯುತ್ತಾನೆ. ಆ ಬಾಕಿಗಳ ಮೇಲೆ ಗೀಟು ಬಿದ್ದಿದೆಯಾ, ಬಿದ್ದಿದ್ದರೆ ಎಷ್ಟು ದಿನಕ್ಕೆ? ಸಭೆಯಲ್ಲಿ ಕೊಟ್ಟ ಮಾತು ಹೇಗೆ ನಡೆಯುತ್ತದೆ ಅನ್ನುವುದು ಅಲ್ಲಿ ಕಾಣುತ್ತದೆ. ಬಡ ಸಭೆಯ ಬಾಕಿಯೆಲ್ಲ ಈಸ್ಟರ್ ಒಳಗೆ ತೀರಿರುತ್ತದೆ. ಅನುಕೂಲಸ್ಥ ಸಭೆಯಲ್ಲಿ ಮೂರು ಹಬ್ಬದ ಬಾಕಿ ಹಾಗೇ ನಿಂತಿರುವುದೂ ಉಂಟು.

ಕಟ್ಟಡಕ್ಕೆ ದುಡ್ಡು ಕೇಳುವವರ ಅರ್ಜಿ ಜಾಸ್ತಿ ನಿಲ್ಲುವುದು ಜಾಗದ ಕಾಗದದಲ್ಲಿ. "ನಮ್ಮಜ್ಜ ಬಾಯಿಮಾತಿನಾಗ ಕೊಟ್ಟ ಜಾಗರೀ ಮೇಡಂ, ಯಾರೂ ಕೇಳಂಗಿಲ್ಲ" ಅಂತ ಹಿರಿಯರೊಬ್ಬರು ಹೇಳಿದರು. ಈಗ ಕೇಳುವವರಿಲ್ಲ ನಿಜ. ಮೊಮ್ಮಕ್ಕಳು ಪಾಲು ಮಾಡಿಕೊಳ್ಳುವಾಗ ಕೇಳುತ್ತಾರೆ. ಜಾಗದ ದಾನ ನಿಲ್ಲಬೇಕಾದರೆ ಇಬ್ಬರು ಸಾಕ್ಷಿಗಳ ಸಹಿ ಇರುವ, ನೋಂದಣಿಯಾದ ದಾನಪತ್ರ ಬೇಕೇ ಬೇಕು. ಅದು ಊರಿನ ಹಿರಿಯರ ಹೆಸರಿಗೂ ಆಗಬಾರದು, ಸಭಾಪಾಲಕರ ಹೆಸರಿಗೂ ಆಗಬಾರದು. ಆಸ್ತಿ ಹಿಡಿಯಲು ಆಯಾ ಕ್ರೈಸ್ತ ಪಂಗಡಕ್ಕೆ ಇರುವ ಸಂಸ್ಥೆಯ ಹೆಸರಿಗೇ ಆಗಬೇಕು. ದಕ್ಷಿಣ ಭಾರತ ಸಭೆ (ಸಿಎಸ್‌ಐ) ಅನ್ನುವ ಪಂಗಡಕ್ಕೆ ಅಂಥದ್ದು ಸಿಎಸ್‌ಐ ಟ್ರಸ್ಟ್ ಅಸೋಸಿಯೇಷನ್, ಆ ಪಂಗಡ ಹುಟ್ಟಿದ 1947ರಲ್ಲೇ ನೋಂದಣಿಯಾದದ್ದು. ದಾನಪತ್ರದ ಜೊತೆಗೆ ಗ್ರಾಮ ಪಂಚಾಯಿತಿ ಕೊಡುವ ಆಸ್ತಿ ದಾಖಲೆ, ಅಂದರೆ ಇ-ಸ್ವತ್ತು ಕಾಗದ. ಹೊಲದ ಮೂಲೆಯಲ್ಲಿ ಕಟ್ಟುವುದಾದರೆ ಮೊದಲು ಭೂ ಪರಿವರ್ತನೆ ಆಗಿರಬೇಕು.

ನಮ್ಮ ಕಡೆ ಇನ್ನೊಂದು ಸೂಕ್ಷ್ಮ ಇದೆ. ಜಾಗ ಕೊಟ್ಟವರ ಹೊಲ ಪರಿಶಿಷ್ಟ ಜಾತಿಯವರಿಗೆ ಅಂತ ಸರ್ಕಾರ ಮಂಜೂರು ಮಾಡಿದ್ದಾಗಿದ್ದರೆ, ಅಂಥ ಜಮೀನು ಬೇರೆಯವರ ಕೈಸೇರದಂತೆ ತಡೆಯುವ 1978ರ ಪಿಟಿಸಿಎಲ್ ಕಾಯ್ದೆ ಅದಕ್ಕೆ ಬರುತ್ತದೆ. ಸರ್ಕಾರದ ಅನುಮತಿ ಇಲ್ಲದೆ ಬೇರೆಯವರಿಗೆ ಮಾಡಿಕೊಟ್ಟರೆ, ದಾನವೇ ಆಗಿದ್ದರೂ, ಅದು ಊರ್ಜಿತ ಆಗುವುದಿಲ್ಲ. ಪಹಣಿ ಒಂದನ್ನೇ ನೋಡಿ ಸಮಾಧಾನ ಪಡಬೇಡಿ. ಮೂಲ ಮಂಜೂರಾತಿ ಕಾಗದ ತರಿಸಿ ನೋಡಿ.

ಹಂಪಿ ನೋಡಲು ಬಂದ ವಿದೇಶಿಯರು ಭಾನುವಾರ ಆರಾಧನೆಗೂ ಬರುತ್ತಾರೆ. ಪ್ರೀತಿಯಿಂದ ನೋಟು ಕೈಗಿಡುತ್ತಾರೆ. ಎಫ್‌ಸಿಆರ್‌ಎ (ವಿದೇಶಿ ದೇಣಿಗೆಯ ಕಾಯ್ದೆ) ನೋಂದಣಿ ಇಲ್ಲದ ಸಭೆ ಅದನ್ನು ತೆಗೆದುಕೊಳ್ಳುವ ಹಾಗಿಲ್ಲ. ನೋಂದಣಿ ಇದ್ದವರಿಗೂ ಆ ದುಡ್ಡು ಮೊದಲು ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೇ ಬರಬೇಕು. 2020ರ ತಿದ್ದುಪಡಿ ಆದಮೇಲೆ ಅದನ್ನು ಇನ್ನೊಂದು ಸಂಸ್ಥೆಗೆ ದಾಟಿಸುವಂತೆಯೂ ಇಲ್ಲ. ಮೊದಲು ದೊಡ್ಡ ಸಂಸ್ಥೆಗಳ ಮೂಲಕ ಸಣ್ಣವರಿಗೆ ಬರುತ್ತಿದ್ದ ನೆರವು ಇದರಿಂದಲೇ ನಿಂತದ್ದು. ದುಬೈನಲ್ಲಿ ದುಡಿಯುವ ನಿಮ್ಮ ಊರಿನ ಹುಡುಗನ ಹತ್ತಿರ ಭಾರತದ ಪಾಸ್‌ಪೋರ್ಟ್ ಇದ್ದರೆ, ಅವನು ಬ್ಯಾಂಕಿನ ಮೂಲಕ ತನ್ನ ಉಳಿತಾಯದಿಂದ ಕಳಿಸಿದ್ದಕ್ಕೆ ಈ ತೊಂದರೆ ಇಲ್ಲ. ಅಮೆರಿಕದ ಪೌರತ್ವ ಪಡೆದ ಅವನ ಅಣ್ಣ ಕಳಿಸಿದರೆ ಅದು ವಿದೇಶಿ ದೇಣಿಗೆಯೇ. ಇಬ್ಬರೂ ಒಂದೇ ಮನೆಯವರು ಅಲ್ವಾ ಅಂತ ಕೇಳುತ್ತಾರೆ. ಕಾನೂನು ನೋಡುವುದು ಪಾಸ್‌ಪೋರ್ಟನ್ನು. ಇನ್ನು ಸಭೆಯೇ ಸದಸ್ಯರಿಂದ ಸಾಲ ಎತ್ತುವುದಾದರೆ 20,000 ರೂಪಾಯಿ ಅಥವಾ ಅದಕ್ಕೂ ಹೆಚ್ಚಿನದನ್ನು ನಗದಾಗಿ ತೆಗೆದುಕೊಳ್ಳಬಾರದು.

ಸಭಾಪಾಲಕರ ಸಾಲವನ್ನು ಸಭೆಯ ಸಾಲದ ಜೊತೆ ಬೆರೆಸಬೇಡಿ. ಅವರ ಮನೆ ರಿಪೇರಿ ಸಭೆಯ ಖರ್ಚು, ಅವರ ಬೈಕು ಅವರದು. ಅವರ ಸಂಬಳ ಎಷ್ಟು ಕಡಿಮೆ ಅಂತ ಗೊತ್ತಿರುವುದರಿಂದಲೇ ಹೇಳುತ್ತೇನೆ, ಸದಸ್ಯರ ಹತ್ತಿರ ಕೈಗಡ ಕೇಳುವ ಪರಿಸ್ಥಿತಿ ಅವರಿಗೆ ಬರಬಾರದು. ಸಾಲ ಕೊಟ್ಟವನ ಮುಂದೆ ನಿಂತು ಪ್ರಸಂಗ ಮಾಡುವುದು ಯಾವ ಅಯ್ಯನವರಿಗಾದರೂ ಕಷ್ಟ.

ಓದುವ ಮಕ್ಕಳಿಗೆ ನಮ್ಮ ನಿಧಿ ಸಾಲದು. ಸರ್ಕಾರದ 'ಅರಿವು' ಶಿಕ್ಷಣ ಸಾಲ ಕ್ರೈಸ್ತ ವಿದ್ಯಾರ್ಥಿಗಳಿಗೂ ಇದೆ. ಅದಕ್ಕೆ ಬರೀ ದೀಕ್ಷಾಸ್ನಾನದ ಸರ್ಟಿಫಿಕೇಟ್ ಸಾಕಾಗುವುದಿಲ್ಲ, ನಾಡಕಚೇರಿಯಿಂದ ಜಾತಿ, ಆದಾಯ ಪ್ರಮಾಣಪತ್ರ ಬೇಕು. ರಾಜ್ಯದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ಪರಿಶಿಷ್ಟ ಜಾತಿಯಿಂದ ಕ್ರೈಸ್ತರಾದವರು ಪ್ರವರ್ಗ 1ಕ್ಕೆ, ಉಳಿದ ಕ್ರೈಸ್ತರು 3ಬಿಗೆ ಬರುತ್ತಾರೆ. ಸೀಟು ಸಿಕ್ಕಮೇಲೆ ಓಡಾಡುವುದಕ್ಕಿಂತ ಪಿಯುಸಿ ಓದುವಾಗಲೇ ಮಾಡಿಸಿಡಿ.

ಸಾಲ ಮಂಜೂರಾದ ಮೇಲೆ ನಾನು ಒಂದು ಷರತ್ತು ಹಾಕಿಸುತ್ತೇನೆ. ಕಂತು ಕಟ್ಟಿದಾಗೆಲ್ಲ ಭಾನುವಾರದ ಪ್ರಕಟಣೆಯಲ್ಲಿ ಉಳಿದ ಸಾಲ ಎಷ್ಟು ಅಂತ ಗಟ್ಟಿಯಾಗಿ ಓದಬೇಕು. ಮೊದಲು ಕೆಲವು ಹಿರಿಯರಿಗೆ ಇದು ಮರ್ಯಾದೆಯ ಪ್ರಶ್ನೆ ಅನ್ನಿಸಿತ್ತು. ಆದರೆ ಮಸ್ಕಿ ಕಡೆಯ ಒಂದು ಸಭೆಯಲ್ಲಿ ಹೀಗೆ ಓದಿದ್ದು ಕೇಳಿ ಹೆಂಗಸರೇ ಎದ್ದು ಲೆಕ್ಕ ಕೇಳಿದರು. ಆಮೇಲೆ ತಮ್ಮ ಕೂಟದಿಂದ ಪ್ರತಿ ಮನೆಯಲ್ಲೂ ಅಡುಗೆಗೆ ಮುಂಚೆ ಎತ್ತಿಡುವ ಹಿಡಿ ಜೋಳವನ್ನು ಮಾರಿ, ಆ ದುಡ್ಡನ್ನು ಚಾವಣಿ ಸಾಲಕ್ಕೇ ಅಂತ ಬೇರೆ ಬರೆಸಿದರು. ಆ ಸಭೆಯ ಪುಸ್ತಕದಲ್ಲಿ ಈಗ ಅದಕ್ಕೊಂದು ಹೊಸ ಕಾಲಂ ಇದೆ.