ಹನ್ನೊಂದು ಗಂಟೆಯ ರೆಗಿಸ್ತಾನ್

ಮಾಟುಂಗ, ಮುಂಬಯಿ
19 ಅಕ್ಟೋಬರ್ 2024, ಶನಿವಾರ

ಉಜ್ಬೆಕಿಸ್ತಾನ್ ಪ್ರವಾಸದ ಚಿತ್ರಗಳನ್ನು ಈ ವಾರವೆಲ್ಲ ರಾತ್ರಿ ಊಟವಾದ ಮೇಲೆ ಆರಿಸುತ್ತಿದ್ದೇನೆ. ಡೊಂಬಿವಲಿ, ಮುಲುಂಡ್, ಮಾಟುಂಗದ ಕನ್ನಡಿಗರೇ ಹೆಚ್ಚಾಗಿದ್ದ ನಮ್ಮ ತಂಡದ ವಾಟ್ಸಾಪ್ ಗುಂಪಿನಲ್ಲಿ ‘ಫೋಟೋ ಎಲ್ಲಿಗೆ ಬಂತು’ ಎಂಬ ವಿಚಾರಣೆ ನಿಂತಿಲ್ಲವಾದ್ದರಿಂದ, ಇಂದು ಸಮರ್ಕಂದದ ಭಾಗವನ್ನಾದರೂ ಮುಗಿಸಿಬಿಡೋಣವೆಂದು ಕುಳಿತೆ. ತೆಗೆದ ಹೊತ್ತಿನ ಕ್ರಮದಲ್ಲಿ ಜೋಡಿಸಿ ನೋಡುತ್ತ ಹೋದಂತೆ, ಟೂರಿನವರ ಜೊತೆ ಹೋದಾಗ ಚಿತ್ರ ಹೇಗೆ ಬರಬೇಕೆಂಬುದನ್ನು ಬಸ್ಸಿನ ವೇಳಾಪಟ್ಟಿಯೇ ಮೊದಲು ತೀರ್ಮಾನಿಸಿಬಿಟ್ಟಿರುತ್ತದೆ ಎಂಬುದು ಸ್ಪಷ್ಟವಾಯಿತು.

ಸಮರ್ಕಂದದ ನಡುವಿನ ರೆಗಿಸ್ತಾನ್ ಚೌಕದ ಮೂರು ಬದಿಗೆ ಮೂರು ಮದರಸಾಗಳಿವೆ. ಪಶ್ಚಿಮದ ಬದಿಯಲ್ಲಿ 1420ರಲ್ಲಿ ಮುಗಿದ, ಖಗೋಳಶಾಸ್ತ್ರಜ್ಞನೂ ಆಗಿದ್ದ ದೊರೆ ಉಲುಗ್ ಬೇಗನ ಮದರಸಾ ಪೂರ್ವಕ್ಕೆ ಮುಖ ಮಾಡಿದೆ; ಅದಕ್ಕೆ ಇದಿರಾಗಿ 1636ರಲ್ಲಿ ಮುಗಿದ ಶೇರ್‌ದಾರ್ ಪಶ್ಚಿಮವನ್ನು ನೋಡುತ್ತದೆ; ಉತ್ತರದಲ್ಲಿರುವ, 1660ರಲ್ಲಿ ಮುಗಿದ ತಿಲ್ಯಾ ಕಾರಿ ದಕ್ಷಿಣಾಭಿಮುಖವಾಗಿದೆ. ನಾವು ಅಲ್ಲಿ ಬಸ್ಸಿನಿಂದ ಇಳಿದದ್ದು ಬೆಳಗಿನ ಹನ್ನೊಂದಕ್ಕೆ. ಉಲುಗ್ ಬೇಗನ ಕಮಾನಿನ ಮೇಲೆ ಆಗ ಬಿಸಿಲು ಓರೆಯಾಗಿ ಬಿದ್ದು ಒಂದೊಂದು ಹೆಂಚಿನ ಅಂಚೂ ಎದ್ದು ಕಾಣುತ್ತಿತ್ತು, ತಿಲ್ಯಾ ಕಾರಿಯೂ ಬೆಳಗುತ್ತಿತ್ತು. ಆದರೆ ಎಲ್ಲರೂ ನೋಡಲು ಬಂದಿದ್ದ ಶೇರ್‌ದಾರಿನ ಹುಲಿಗಳು, ಬೆನ್ನ ಹಿಂದೆ ಮನುಷ್ಯಮುಖದ ಸೂರ್ಯನನ್ನು ಇಟ್ಟುಕೊಂಡು ಬಿಳಿ ಜಿಂಕೆಗಳನ್ನು ಅಟ್ಟಿಸಿಕೊಂಡು ಹೋಗುವ ಆ ಪಟ್ಟೆಪಟ್ಟೆಯ ಪ್ರಾಣಿಗಳು, ತಮ್ಮದೇ ಕಟ್ಟಡದ ನೆರಳಿನಲ್ಲಿ ಮುಳುಗಿದ್ದವು.

ಮುಂಬಯಿಯಲ್ಲಿ ಇರುವವರಿಗೆ ಇದು ಅಪರೂಪದ ಸಂಗತಿಯೇನಲ್ಲ. ಸಿಎಸ್‌ಎಂಟಿ ರೈಲು ನಿಲ್ದಾಣದ ಮುಂಭಾಗಕ್ಕೆ ಒಳ್ಳೆಯ ಬಿಸಿಲು ಬೀಳುವುದು ಮಧ್ಯಾಹ್ನ ಇಳಿದ ಮೇಲೆ. ಆದರೂ ಬೆಳಿಗ್ಗೆ ಒಂಬತ್ತಕ್ಕೇ ಅಲ್ಲಿ ಬಸ್ಸಿನಿಂದ ಇಳಿದ ಪ್ರವಾಸಿಗಳು ಸೂರ್ಯನಿಗೆ ಇದಿರಾಗಿ ಫೋನ್ ಎತ್ತಿ ನಿಂತಿರುವುದನ್ನು ಕಚೇರಿಗೆ ಹೋಗುವ ದಾರಿಯಲ್ಲಿ ವರ್ಷಗಟ್ಟಲೆ ಕಂಡಿದ್ದೇನೆ, ಮನಸ್ಸಿನಲ್ಲೇ ನಕ್ಕೂ ಇದ್ದೇನೆ. ಸಮರ್ಕಂದದ ಜನ ನಮ್ಮನ್ನು ನೋಡಿ ಹಾಗೆಯೇ ನಕ್ಕಿರಬಹುದು.

ಅಂಥ ಬೆಳಕಿನಲ್ಲಿ ಬ್ರಾಕೆಟಿಂಗ್ ಉಪಯೋಗಕ್ಕೆ ಬರುತ್ತದೆ. ಒಂದೇ ಚೌಕಟ್ಟನ್ನು ಬೇರೆಬೇರೆ ಎಕ್ಸ್‌ಪೋಷರಿನಲ್ಲಿ, ಅಂದರೆ ಕ್ಯಾಮೆರಾಕ್ಕೆ ಬಿಡುವ ಬೆಳಕನ್ನು ಹೆಚ್ಚುಕಡಿಮೆ ಮಾಡಿ, ಮೂರು ಸಲ ತೆಗೆದು ಕಂಪ್ಯೂಟರಿನಲ್ಲಿ ಕೂಡಿಸಿದರೆ, ಆಕಾಶದ ನೀಲಿಯೂ ಉಳಿಯುತ್ತದೆ, ನೆರಳಿನ ಹುಲಿಯೂ ಹೊರಗೆ ಬರುತ್ತದೆ. ಇಂದು ಕೂಡಿಸಿ ನೋಡಿದಾಗ ಹುಲಿಗಳು ಚೆನ್ನಾಗಿಯೇ ಬಂದಿವೆ. ಆದರೆ ಅದೇ ಕ್ಷಣದಲ್ಲಿ ಚೌಕ ದಾಟುತ್ತಿದ್ದ ನಮ್ಮ ತಂಡದ ಹಿರಿಯರೊಬ್ಬರು ಪಕ್ಕಪಕ್ಕದಲ್ಲಿ ಮೂರು ಕಡೆ ಮಸುಕಾಗಿ ಮೂಡಿದ್ದಾರೆ. ರಷ್ಯದ ಛಾಯಾಗ್ರಾಹಕ ಸೆರ್ಗೆಯ್ ಪ್ರೊಕುದಿನ್-ಗೋರ್ಸ್ಕಿ 1910ರ ಆಸುಪಾಸಿನಲ್ಲಿ ಇದೇ ಊರಿನಲ್ಲಿ ಬಣ್ಣದ ಚಿತ್ರ ತೆಗೆಯುವಾಗಲೂ ಇದೇ ತೊಡಕು ಇತ್ತು. ನೀಲಿ, ಹಸಿರು, ಕೆಂಪು ಫಿಲ್ಟರುಗಳ ಮೂಲಕ ಒಂದಾದ ಮೇಲೊಂದರಂತೆ ಗಾಜಿನ ಪ್ಲೇಟಿನ ಮೇಲೆ ಮೂರು ಕಪ್ಪುಬಿಳುಪು ಚಿತ್ರಗಳನ್ನು ಹಿಡಿದು, ಆಮೇಲೆ ಬಣ್ಣ ಕೂಡಿಸುವುದು ಅವರ ಕ್ರಮ. ನಡುವೆ ಅಲುಗಾಡಿದವರ ಸುತ್ತ ಕೆಂಪು, ಹಸಿರು, ನೀಲಿಯ ಅಂಚುಗಳು ಉಳಿದುಬಿಡುತ್ತಿದ್ದವು. ಆ ಪ್ಲೇಟುಗಳನ್ನು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 1948ರಲ್ಲಿ ಕೊಂಡುಕೊಂಡಿತು, ಈಗ ಯಾರು ಬೇಕಾದರೂ ನೋಡಬಹುದು.

ಅವರ ಚಿತ್ರಗಳನ್ನೂ ನನ್ನವನ್ನೂ ಪರದೆಯ ಮೇಲೆ ಪಕ್ಕಪಕ್ಕದಲ್ಲಿಟ್ಟು ಬಹಳ ಹೊತ್ತು ನೋಡಿದೆ. ಹೆಂಚು ಉದುರಿದ ಗೋಡೆಗಳು ಅವರಲ್ಲಿ ಹಾಗೆಯೇ ಇವೆ. ಉಲುಗ್ ಬೇಗನ ಮದರಸಾದ ವಾಲಿದ್ದ ಮಿನಾರನ್ನು ಆಗಿನ್ನೂ ನೆಟ್ಟಗೆ ಮಾಡಿರಲಿಲ್ಲ, ಆ ಕೆಲಸ ನಡೆದದ್ದು 1932ರಲ್ಲಿ. ಎಲ್ಲಕ್ಕಿಂತ ಮುಖ್ಯವಾಗಿ, ತಿಲ್ಯಾ ಕಾರಿಯ ಎಡಭಾಗದಲ್ಲಿ ಇಂದು ಥಳಥಳಿಸುವ ನೀಲಿ ಗುಮ್ಮಟ ಅವರ ಕಾಲದಲ್ಲಿ ಇರಲೇ ಇಲ್ಲ. ಅದು ಸೋವಿಯತ್ ಕಾಲದ ಜೀರ್ಣೋದ್ಧಾರದಲ್ಲಿ ಎದ್ದದ್ದು. ನಮ್ಮ ತಂಡದವರು ಅತಿ ಹೆಚ್ಚು ಚಿತ್ರ ತೆಗೆಸಿಕೊಂಡದ್ದು ಈ ಗುಮ್ಮಟದ ಇದಿರಿಗೇ. ಅದು ಅಷ್ಟೇನೂ ಹಳೆಯದಲ್ಲವೆಂದು ಗೈಡ್ ಹೇಳಲಿಲ್ಲ, ಈಗ ವಾಟ್ಸಾಪಿನಲ್ಲಿ ಹೇಳಿ ಅವರ ಸಂತೋಷ ಕೆಡಿಸಲು ನನಗೂ ಮನಸ್ಸಿಲ್ಲ.

ಮುಲುಂಡಿನ ಅಕ್ಕನೊಬ್ಬರು ಆ ಗುಮ್ಮಟವನ್ನು ನೋಡಿದೊಡನೆ, “ತಮ್ಮಾ, ಗುಮ್ಮಟ ಪೂರ್ತಿ ಬರಬೇಕು, ನನ್ನ ಸೀರೆಯ ಅಂಚೂ ಕಾಣಬೇಕು” ಎಂದು ಹೇಳಿ ನೇರವಾಗಿ ಗೋಡೆಯ ಬುಡಕ್ಕೆ ಹೋಗಿ ನಿಂತರು. ಬಹುತೇಕ ಎಲ್ಲರೂ ಮಾಡುವುದು ಇದನ್ನೇ. ಗೋಡೆಗೆ ಒತ್ತಿ ನಿಂತವರ ಜೊತೆಗೆ ಗುಮ್ಮಟವನ್ನೂ ಸೇರಿಸಬೇಕೆಂದರೆ ನಾವು ಚೌಕದ ಆಚೆಯ ತುದಿಗೆ ಸರಿಯಬೇಕಾಗುತ್ತದೆ, ಆಗ ಮನುಷ್ಯರು ಇರುವೆಯಷ್ಟಾಗುತ್ತಾರೆ. “ಅಕ್ಕಾ, ನೀವು ಕಟ್ಟಡವನ್ನು ಬಿಟ್ಟು ನನ್ನ ಹತ್ತಿರಕ್ಕೆ ಬನ್ನಿ” ಎಂದು ಕರೆದು, ನಾಲ್ಕು ಹೆಜ್ಜೆ ದೂರದಲ್ಲಿ ನಿಲ್ಲಿಸಿ, ನಾನು ಒಂದು ಮೊಣಕಾಲೂರಿ ಕೆಳಗಿನಿಂದ ತೆಗೆದೆ. ವೈಡ್ ಲೆನ್ಸಿನ ಅಂಚಿನಲ್ಲಿ ಮುಖ ಹಿಗ್ಗುವುದರಿಂದ ಅವರನ್ನು ಮಧ್ಯಕ್ಕಿಂತ ತುಸುವೇ ಬಲಕ್ಕೆ ಇಟ್ಟಿದ್ದೆ. ಗುಮ್ಮಟ, ಇಳಕಲ್ ಸೀರೆಯ ಕೆಂಪು ಸೆರಗು, ಬಿಸಿಲಿಗೆ ಕಿರಿದಾದ ಕಣ್ಣು ಎಲ್ಲವೂ ಬಂದಿವೆ. ನನ್ನ ದೃಷ್ಟಿಯಲ್ಲಿ ಇಡೀ ಪ್ರವಾಸದ ಅತ್ಯುತ್ತಮ ಚಿತ್ರಗಳಲ್ಲಿ ಇದೂ ಒಂದು. ಖಾಲಿ ಚೌಕದ ಚಿತ್ರ ಅಂತರ್ಜಾಲದಲ್ಲಿ ಬೇಕಾದಷ್ಟು ಸಿಗುತ್ತದೆ.

ಶಾಹಿ ಜಿಂದಾದ ಸಮಾಧಿಗಳ ಓಣಿಗೆ ನಡುಮಧ್ಯಾಹ್ನ ಕರೆದೊಯ್ದದ್ದು ಮಾತ್ರ, ಗೊತ್ತಿದ್ದೋ ಗೊತ್ತಿಲ್ಲದೆಯೋ, ಒಳ್ಳೆಯದೇ ಆಯಿತು. ಓಣಿ ಇಕ್ಕಟ್ಟಾಗಿರುವುದರಿಂದ ಒಂದು ಬದಿಯ ಗೋಡೆಗೆ ಬಿದ್ದ ಬಿಸಿಲು ಇನ್ನೊಂದು ಬದಿಯ ನೆರಳಿಗೆ ಮೃದುವಾಗಿ ಹಿಂತಿರುಗುತ್ತದೆ. 1372ರ ಶಾದಿ ಮುಲ್ಕ್ ಸಮಾಧಿಯ ದ್ವಾರದಲ್ಲಿ ಆಳವಾಗಿ ಕೊರೆದು ಮೆರುಗು ಕೊಟ್ಟ ಹೆಂಚುಗಳ ಹಳ್ಳತಿಟ್ಟುಗಳೆಲ್ಲ ಆ ಬೆಳಕಿನಲ್ಲೇ ಸರಿಯಾಗಿ ಕಾಣಿಸಿದವು. ಒಳಗಿನ, ಪ್ರವಾದಿ ಮುಹಮ್ಮದರ ಸೋದರಸಂಬಂಧಿ ಕುಸಮ್ ಇಬ್ನ್ ಅಬ್ಬಾಸರದೆಂದು ನಂಬುವ ಗೋರಿಯ ಬಳಿ ಸ್ಥಳೀಯರು ಕುಳಿತು ಪ್ರಾರ್ಥಿಸುತ್ತಿದ್ದರು, ಅಲ್ಲಿ ಕ್ಯಾಮೆರಾ ಚೀಲದಲ್ಲೇ ಇತ್ತು. ತಾಷ್ಕೆಂಟಿನ ಮೆಟ್ರೋ ಚಿತ್ರಗಳನ್ನು ಇನ್ನೊಂದು ದಿನ ನೋಡಬೇಕು. 2018ರವರೆಗೆ ಅಲ್ಲಿ ಫೋಟೋ ತೆಗೆಯುವುದಕ್ಕೇ ನಿಷೇಧವಿತ್ತು.

ಸಂಜೆ ಎಲ್ಲರನ್ನೂ ರತ್ನಗಂಬಳಿಯ ಅಂಗಡಿಗೆ ಕರೆದೊಯ್ದಾಗ ಗೈಡಿಗೆ ಹೇಳಿ ನಾನು ಟ್ಯಾಕ್ಸಿ ಹಿಡಿದು ರೆಗಿಸ್ತಾನಿಗೆ ಮರಳಿದೆ. ಟಿಕೆಟಿಲ್ಲದೆ ನಿಲ್ಲಬಹುದಾದ ಹೊರಗಿನ ಕಟ್ಟೆಯಿಂದ, ಐದು ಗಂಟೆಯ ಬಿಸಿಲಿನಲ್ಲಿ, ಹುಲಿಗಳ ಕಿತ್ತಳೆ ಬಣ್ಣ ಯಾವ ಬ್ರಾಕೆಟಿಂಗಿನ ನೆರವೂ ಇಲ್ಲದೆ ಒಂದೇ ಕ್ಲಿಕ್ಕಿಗೆ ಸಿಕ್ಕಿತು.

ಟೂರಿನವರು ಅಭಿಪ್ರಾಯ ಕೇಳಿ ಕಳಿಸಿದ್ದ ಫಾರಮಿನಲ್ಲಿ, ರೆಗಿಸ್ತಾನನ್ನು ಸಂಜೆಗೆ ಇಡಿ ಎಂದು ಬರೆದಿದ್ದೆ. ತಾಷ್ಕೆಂಟಿನ ರೈಲು ಬೆಳಿಗ್ಗೆಯೇ ಬಂದುಬಿಡುತ್ತದೆ, ಹೋಟೆಲಿನ ಕೋಣೆ ಎರಡು ಗಂಟೆಗೆ ಮುಂಚೆ ಸಿಗುವುದಿಲ್ಲ, ಆ ಹೊತ್ತು ಎಲ್ಲಾದರೂ ಕಳೆಯಬೇಕಲ್ಲ ಎಂದು ಅವರು ಇಂದು ಉತ್ತರಿಸಿದ್ದಾರೆ. ಕಾರಣ ಸರಿಯಾಗಿಯೇ ಇದೆ. ಹಾಗಿದ್ದರೆ ಹನ್ನೊಂದಕ್ಕೆ ಉಲುಗ್ ಬೇಗನ ವೇಧಶಾಲೆಗೆ ಕರೆದೊಯ್ಯಿರಿ, 1908ರಲ್ಲಿ ಅಗೆದಾಗ ಸಿಕ್ಕಿದ, ಆಕಾಶಕಾಯಗಳ ಎತ್ತರ ಅಳೆಯುವ ಅದರ ಕಲ್ಲಿನ ಕಮಾನು ನೆಲದೊಳಗೇ ಇರುವುದರಿಂದ ಅದಕ್ಕೆ ಬಿಸಿಲಿನ ಹಂಗಿಲ್ಲ ಎಂದು ಈಗಷ್ಟೇ ಮರುತ್ತರ ಬರೆದು ಕಳಿಸಿದೆ.